ಕುರಿದೊಡ್ಡಿಯ ಧೂಳು, ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನಿಂದ ನಾನು ಜೀವನದಲ್ಲಿ ಒಮ್ಮೆ ಒಬ್ಬರ ಕೆಲಸ ಕೆಡಿಸಿದ್ದೇನೆ. ಅದೂ ನನ್ನ ಅತ್ಯಂತ ಹಳೆಯ ಗೆಳತಿಯದು. ಕೆಡಿಸಿದ್ದು ಒಂದೇ ಮಾತಿನಿಂದ. ಆ ಮಾತಿನಲ್ಲಿ ಗಟ್ಟಿಯಾಗಿ ಹಿಡಿದು ತೋರಿಸುವಂಥ ತಪ್ಪು ಕೂಡ ಇರಲಿಲ್ಲ.

ನಾನು ಚಳ್ಳಕೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಗೆಳತಿ ಮೊಳಕಾಲ್ಮುರಿನವಳು, ರೇಷ್ಮೆ ಸೀರೆ ನೇಯುವವರ ಮನೆಯ ಮಗಳು. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ. ಒಂದೇ ಕಡೆಯವರು, ಹೊಂದಿಕೊಳ್ಳುತ್ತಾರೆ ಎಂದು ವಾರ್ಡನ್ ಹಾಗೆ ಹಾಕಿದ್ದರು. ಅವಳಿಗೆ ಸಿಟ್ಟು ಬಂದರೆ ತೆಲುಗು, ಎಣಿಸುವಾಗ ತೆಲುಗು, ಮಿಕ್ಕ ಹೊತ್ತಿನಲ್ಲಿ ನಮ್ಮ ಕನ್ನಡ. ಆಗ ತರಗತಿಯಲ್ಲಿ ಮುಂದಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಎಷ್ಟೋ ವರ್ಷ ನಾನು ನನಗೇ ಹೇಳಿಕೊಂಡು ಬಂದದ್ದು ಇದನ್ನೇ.

ಎರಡನೇ ವರ್ಷ ನನಗೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ಕರುಳಿನಲ್ಲಿ ಇರುವ ಒಂದು ಬ್ಯಾಕ್ಟೀರಿಯಾವನ್ನು ಸಾರಿನಂಥ ದ್ರವದಲ್ಲಿ ಬೆಳೆಸಿ, ಅದನ್ನು ರಕ್ತದ ಬಿಳಿಕಣಗಳ ಜೊತೆ ಸೇರಿಸಿ, ಬಿಳಿಕಣಗಳು ಎಷ್ಟು ರೇಗುತ್ತವೆ ಎಂದು ಅಳೆಯುವುದು. ಹೋಲಿಸಿ ನೋಡಲು ಇನ್ನೊಂದು ನಳಿಕೆ. ಅದಕ್ಕೆ ಬ್ಯಾಕ್ಟೀರಿಯಾ ಇಲ್ಲದ, ಬರೀ ಸೋಸಿದ ದ್ರವ. ಸೋಸುವ ಹಾಳೆಯ ತೂತುಗಳು ಒಂದೇ ಒಂದು ಬ್ಯಾಕ್ಟೀರಿಯಾವೂ ದಾಟಲಾಗದಷ್ಟು ಸಣ್ಣವು. ಆ ನಳಿಕೆಯಲ್ಲಿ ಏನೂ ಆಗಬಾರದು. ನನ್ನದರಲ್ಲಿ ಆಯಿತು. ಬಿಳಿಕಣಗಳು ಬ್ಯಾಕ್ಟೀರಿಯಾ ಕಂಡಷ್ಟೇ ಜೋರಾಗಿ ರೇಗಿದವು.

ಮಾರ್ಗದರ್ಶಕರು ನೋಡಿ, "ಹಾಳೆ ಹರಿದಿರಬೇಕು, ಇಲ್ಲ ಕೈ ಶುದ್ಧ ಇಲ್ಲ. ಮತ್ತೆ ಮಾಡಿ" ಎಂದರು. ಮತ್ತೆ ಮಾಡಿದೆ. ಮೂರು ಸಲವೂ ಅದೇ. ನನ್ನ ಕೈ ಶುದ್ಧವಿಲ್ಲ ಎಂಬ ಮಾತು ನನಗೆ ಬಹಳ ನಾಟಿತ್ತು. ಅಮ್ಮಂದಿರು ಮಡಿಯಲ್ಲಿ ಇರುವ ಹಾಗೆ ನಾನು ಲ್ಯಾಬಿನಲ್ಲಿ ಇರುತ್ತಿದ್ದೆ. ಕೊನೆಗೆ ಆ ಮೂರು ರೀಡಿಂಗನ್ನೂ ಬಿಟ್ಟು, ಹೊಂದುವಂಥವನ್ನಷ್ಟೇ ಇಟ್ಟು ವರದಿ ಬರೆದೆ. ಸೋಸಿದ ದ್ರವವನ್ನು ಸಿಂಕಿಗೆ ಸುರಿಯುತ್ತಿದ್ದಾಗ ಗೆಳತಿ ಪಕ್ಕದಲ್ಲಿ ನಿಂತಿದ್ದಳು.

"ಮೂರು ಸಲನೂ ಹಂಗೇ ಬಂತು ಅಂದ್ರೆ ಅದ್ರಾಗೆ ಏನೋ ಐತೆ ಕಣೇ."

"ಏನೂ ಇಲ್ಲ. ಕೊಳೆ."

"ಹಂಗಾದ್ರೆ ಯಾವ ಕೊಳೆ ಅಂತ ನೋಡಾಣ. ಒಂದು ಬಾಟ್ಲಿ ನನಗೆ ಬಿಡು."

ಬಿಟ್ಟೆ. ನನಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಅದರಲ್ಲಿ ಇದ್ದದ್ದು ಏನು ಎಂಬುದು ಈಗ ನನ್ನ ವಿದ್ಯಾರ್ಥಿಗಳಿಗೂ ಗೊತ್ತು. ಬ್ಯಾಕ್ಟೀರಿಯಾದ ಹೊರಪೊರೆ ಅಲ್ಲಲ್ಲಿ ಉಬ್ಬಿ, ಪುಟ್ಟ ಗುಳ್ಳೆಯಾಗಿ ಕಳಚಿಕೊಳ್ಳುತ್ತದೆ. ತಾಯಿ ಬ್ಯಾಕ್ಟೀರಿಯಾ ದಾಟಲಾಗದ ತೂತಿನಲ್ಲಿ ಈ ಗುಳ್ಳೆ ಸಲೀಸಾಗಿ ಹೋಗುತ್ತದೆ. ಅದಕ್ಕೆ ಜೀವವಿಲ್ಲ, ಅದು ಬೆಳೆಯುವುದೂ ಇಲ್ಲ. ಆದರೆ ಮೈಮೇಲೆ ತಾಯಿಯ ಗುರುತುಗಳೆಲ್ಲ ಇರುತ್ತವೆ, ಒಳಗೆ ಅದರ ಪ್ರೋಟೀನು ಮತ್ತಿತರ ಚೂರುಪಾರು. ನಮ್ಮ ಬಿಳಿಕಣಗಳು ಆ ಗುರುತನ್ನು ಮುಟ್ಟಿ ನೋಡಿ ಬ್ಯಾಕ್ಟೀರಿಯಾವೇ ಬಂತೆಂದು ಎದ್ದು ನಿಲ್ಲುತ್ತವೆ. ಎಲ್ಲ ಗುಳ್ಳೆಗಳೂ ರೇಗಿಸುವಂಥವಲ್ಲ. ಕರುಳಿನಲ್ಲಿ ನಮ್ಮ ಜೊತೆಗೇ ಬಾಳುವ ಕೆಲವು ಬ್ಯಾಕ್ಟೀರಿಯಾಗಳ ಗುಳ್ಳೆಗಳು ಬಿಳಿಕಣಗಳನ್ನು ಸಮಾಧಾನ ಮಾಡುವುದೂ ಉಂಟು. ಒಂದು ಬಗೆಯ ಮಿದುಳುಜ್ವರದ ಲಸಿಕೆಯಲ್ಲಿ ಇಂಥ ಗುಳ್ಳೆಗಳನ್ನೇ ಬಳಸುತ್ತಾರೆ. ನಾವು ಓದುತ್ತಿದ್ದ ಕಾಲಕ್ಕೇ ಹೊರಗಿನ ಲ್ಯಾಬುಗಳಲ್ಲಿ ಇದೆಲ್ಲ ಕೆಲವರಿಗೆ ಗೊತ್ತಿತ್ತು, ನಮ್ಮ ಲ್ಯಾಬಿಗೆ ಗೊತ್ತಿರಲಿಲ್ಲ, ಅಷ್ಟೇ. ಹಾಗಾಗಿ ನಾನು ಏನನ್ನೋ ಕಂಡುಹಿಡಿದು ಕಳೆದುಕೊಂಡವಳು ಎಂದು ಹೇಳುವ ಹಾಗೂ ಇಲ್ಲ. ಹೊಟ್ಟೆಕಿಚ್ಚಿಗೆ ಮಾತ್ರ ಈ ವಿವರಗಳು ಬೇಕಾಗುವುದಿಲ್ಲ.

ನನಗೆ ಚಳ್ಳಕೆರೆಯಲ್ಲಿ ಕೆಲಸ ಸಿಕ್ಕಿತು. ಖುಷಿಯಿಂದಲೇ ಸೇರಿದೆ. ಯಾರೂ ನನ್ನನ್ನು ತಡೆದಿರಲಿಲ್ಲ, ಯಾರೂ ನನ್ನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಗೆಳತಿ ಸಂಶೋಧನೆಗೆ ಹೋದಳು. ಆ ಗುಳ್ಳೆಗಳನ್ನೇ ಹಿಡಿದುಕೊಂಡು ಊರಿಂದ ಊರಿಗೆ ಅಲೆದಳು. ನಾನು ಸ್ಟಾಫ್ ರೂಮಿನಲ್ಲಿ ಕೂತು, ಫೋನಿನಲ್ಲಿ ಅವಳ ಹೆಸರು ಹುಡುಕುತ್ತಿದ್ದೆ. ಹೊಸ ಲೇಖನ ಕಂಡರೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಬಹಳ ದಿನ ಏನೂ ಕಾಣದಿದ್ದರೆ ಒಂದು ಬಗೆಯ ಹಗುರ. ಒಮ್ಮೆ ಪತ್ರಿಕೆಯೊಂದರಲ್ಲಿ ಅವಳ ಚಿತ್ರ ಬಂದಾಗ, ನಮ್ಮ ಭಾಗದ ಹೆಣ್ಣುಮಗಳು ಎಂದು ಪ್ರಿನ್ಸಿಪಾಲರು ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಅದನ್ನು ದಾಟದೆ ನನ್ನ ಕ್ಲಾಸಿಗೆ ಹೋಗಲು ದಾರಿಯಿರಲಿಲ್ಲ. ಅವಳು ತವರಿನ ಸೀರೆ ಉಟ್ಟಿದ್ದಳು, ತಲೆಗೆ ಬಣ್ಣ ಹಚ್ಚಿರಲಿಲ್ಲ. ನರೆ ಕೂಡ ಅವಳಿಗೆ ಒಪ್ಪುತ್ತಿತ್ತು. ನಾನು ತಿಂಗಳಿಗೊಮ್ಮೆ ತಪ್ಪದೆ ಬಣ್ಣ ಹಚ್ಚುತ್ತೇನೆ.

ಮೂರು ವರ್ಷದ ಹಿಂದೆ ಅವಳೇ ಫೋನ್ ಮಾಡಿದಳು.

"ನಮ್ಮೂರ ಕಡೆ ಕೆಲಸ ಐತೆ ಕಣೇ. ನೀನು ಜೊತಿಗೆ ಬರಬೇಕು."

ಅವಳ ಯೋಚನೆ ಹೀಗಿತ್ತು. ದನಕುರಿಗಳ ಜೊತೆ ಬೆಳೆದವರಲ್ಲಿ ಉಬ್ಬಸ, ಅಲರ್ಜಿ ಕಡಿಮೆ ಎಂದು ಬಹಳ ಕಾಲದಿಂದ ಹೇಳುತ್ತಾರೆ. ದೊಡ್ಡಿಯ ಧೂಳಿನಲ್ಲಿ ಬ್ಯಾಕ್ಟೀರಿಯಾಗಳಂತೆ ಅವು ಕಳಚಿದ ಗುಳ್ಳೆಗಳೂ ಇರುತ್ತವೆ. ದಿನಾ ಮೂಗಿಗೆ ಹೋಗುವ ಆ ಗುಳ್ಳೆಗಳಿಗೆ ಇದರಲ್ಲಿ ಪಾತ್ರವಿದೆಯೇ ಎಂದು ಅವಳು ನೋಡಬೇಕಿತ್ತು. ಜಟಿಂಗ ರಾಮೇಶ್ವರದ ಬೆಟ್ಟದ ಕಡೆಯ ಹಟ್ಟಿಗಳಲ್ಲಿ ಕುರಿ ಸಾಕುವ ಮನೆಗಳಿವೆ. ಅಂಥ ಒಂದು ಮನೆಯ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ. ಹಾಗಾಗಿ ನಾನು ಬೇಕಾಗಿದ್ದೆ. ಕಾಲೇಜಿನ ಡೀಪ್ ಫ್ರೀಜರ್ ಕೂಡ.

ಅವಳು ಬಂದದ್ದು ಕಡಲೆಕಾಯಿ ಸುಲಿಯುವ ಕಾಲದಲ್ಲಿ. ಚಳ್ಳಕೆರೆಯ ಗಾಳಿಯಲ್ಲಿ ಸಿಪ್ಪೆಯ ಧೂಳು ಏಳುವ ಆ ಎರಡು ತಿಂಗಳು ನನಗೆ ಪ್ರತಿ ವರ್ಷವೂ ಉಬ್ಬಸ. ಪರ್ಸಿನಲ್ಲಿ ಇನ್‌ಹೇಲರ್ ಇಟ್ಟುಕೊಂಡೇ ಓಡಾಡುತ್ತೇನೆ. ಪ್ರಿನ್ಸಿಪಾಲರು ಅವಳಿಂದ ಒಂದು ಉಪನ್ಯಾಸ ಮಾಡಿಸಿದರು. ನಾನು ವರ್ಷಾ ವರ್ಷಾ ಹೇಳುವ ಪಾಠವನ್ನೇ ಅವಳು ಹೇಳಿದಳು. ಬೋರ್ಡಿನ ಮೇಲೆ ಅವಳು ಬರೆದ ಗುಳ್ಳೆಗಳು ಗುಂಡಗೂ ಇರಲಿಲ್ಲ. ಆದರೆ ನನ್ನ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿಯರು ಅವತ್ತು ಬೆಲ್ ಹೊಡೆದ ಮೇಲೂ ಎದ್ದು ಪ್ರಶ್ನೆ ಕೇಳುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೆಮ್ಮುತ್ತಿದ್ದೆ.

ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಅವಳು ನನ್ನ ಅವ್ವನ ಕೈಯ ಉಚ್ಚೆಳ್ಳು ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡಳು. ಅವ್ವ ನನ್ನ ಕಡೆ ತಿರುಗಿ, "ನೋಡು, ಹಿಂಗ್ ಉಣ್ಣಬೇಕು. ಅದಕ್ಕೇ ಗಟ್ಟಿ ಐದಾಳೆ" ಎಂದಳು. ಕೈ ತೊಳೆದು ಬಂದ ಮೇಲೆ ಗೆಳತಿ ಹೇಳಿದಳು.

"ಹಟ್ಟಿಯೋರ ರಕ್ತದ ಜೊತಿಗೆ ಹೋಲಿಸೋಕೆ ಟೌನಲ್ಲಿ ಬೆಳೆದು ಉಬ್ಬಸ ಇರೋರ ರಕ್ತ ಬೇಕು. ನಿನಗಿಂತ ಚೆನ್ನಾಗಿ ಸೀನೋರು ನನಗೆ ಯಾರೂ ಗೊತ್ತಿಲ್ಲ. ಕೊಡ್ತೀಯಾ?"

ಅವಳು ನಗುತ್ತಾ ಕೇಳಿದಳು. ನಾನೂ ನಕ್ಕು ತೋಳು ಚಾಚಿದೆ. ಅವಳು ಅಲ್ಲೇ, ನಮ್ಮ ಊಟದ ಮೇಜಿನ ಬಳಿ, ಕೈಗವಸು ಹಾಕಿಕೊಂಡು ನನ್ನ ರಕ್ತ ತೆಗೆದಳು. ನೋವಾಗಲಿಲ್ಲ, ಅವಳ ಕೈ ಚೆನ್ನಾಗಿ ಪಳಗಿತ್ತು. ನಳಿಕೆ ಹಿಡಿಯಬೇಕಿದ್ದವಳು ನಾನು, ಈಗ ನನ್ನ ಪಾಲಿಗೆ ಬಂದದ್ದು ತೋಳು ಎಂದು ಯೋಚಿಸುತ್ತಾ ಕೂತಿದ್ದೆ. ನಳಿಕೆಯ ಮೇಲೆ ಅವಳು ನನ್ನ ಹೆಸರು ಬರೆಯಲಿಲ್ಲ. ನಿಯಮದ ಪ್ರಕಾರ ಹೆಸರು ಬರೆಯುವ ಹಾಗಿಲ್ಲ, ನನಗೂ ಗೊತ್ತು. ಒಂದು ಅಂಕಿ ಬರೆದಳು. ಅದಕ್ಕೂ ನನಗೆ ಬೇಜಾರಾಯಿತು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಹಟ್ಟಿಗೆ ಹೋದೆವು. ಅಲ್ಲಿ ಎಲ್ಲಕ್ಕೂ ಯಜಮಾನಿ ಒಬ್ಬ ಅಜ್ಜಿ, ನನ್ನ ವಿದ್ಯಾರ್ಥಿನಿಯ ಅತ್ತೆ. ಗೆಳತಿ ತಾನೇ ಕನ್ನಡದಲ್ಲಿ ಬರೆದು ತಂದಿದ್ದ ಒಪ್ಪಿಗೆ ಪತ್ರವನ್ನು ಓದಿ ಹೇಳಿದಳು. ದೊಡ್ಡಿಯ ಬಿದಿರ ಗಳುಗಳಿಗೆ ಬಟ್ಟೆ ಕಟ್ಟಿ ಧೂಳು ಹಿಡಿಯುವುದು, ಮನೆಯ ದೊಡ್ಡವರಿಂದ ಸ್ವಲ್ಪ ರಕ್ತ, ಆ ರಕ್ತದ ಬಿಳಿಕಣಗಳಿಗೆ ಅದೇ ಧೂಳಿನ ಗುಳ್ಳೆಗಳನ್ನು ತೋರಿಸಿ ನೋಡುವುದು. ರಕ್ತ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಆಮೇಲೆ ಹೇಗೆ ನಾಶ ಮಾಡುತ್ತಾರೆ, ಬೇಡವೆನಿಸಿದರೆ ಯಾವಾಗ ಹಿಂದೆ ಸರಿಯಬಹುದು, ಎಲ್ಲವೂ ಅದರಲ್ಲಿತ್ತು. ನಾನು ಅದನ್ನು ಮೊದಲೇ ಎರಡು ಸಲ ಓದಿದ್ದೆ. ಅಜ್ಜಿ ತಲೆಯಾಡಿಸಿದರು. ಮೊದಲು ಬಟ್ಟೆ ಕಟ್ಟಿಬಿಡೋಣ, ರಕ್ತ ಆಮೇಲೆ ಎಂದು ಗೆಳತಿ ದೊಡ್ಡಿಯೊಳಗೆ ಹೋದಳು.

ನಾನೂ ಹಿಂದೆಯೇ ಹೋದೆ. ಹಿಕ್ಕೆಯ ಧೂಳು ಮೂಗಿಗೆ ಹತ್ತಿದ್ದೇ ತಡ, ಎದೆ ಬಿಗಿಯಿತು. ಹೊರಗೆ ಬಂದು, ಕಲ್ಲಿನ ಮೇಲೆ ಕೂತು ಇನ್‌ಹೇಲರ್ ಎಳೆದುಕೊಂಡೆ. ಒಳಗೆ ಅವಳು ಕುರಿಗಳ ನಡುವೆ, ಸೀರೆ ಎತ್ತಿ ಸಿಕ್ಕಿಸಿಕೊಂಡು, ತೆಲುಗಿನಲ್ಲಿ ಅವುಗಳನ್ನು ಗದರಿಸುತ್ತಾ ಆರಾಮಾಗಿ ಓಡಾಡುತ್ತಿದ್ದಳು. ಅವಳೂ ಕುರಿ ಸಾಕಿದವಳಲ್ಲ. ಮಗ್ಗದ ಮನೆಯಲ್ಲಿ ಬೆಳೆದವಳು. ಆದರೂ ಅವಳ ಉಸಿರು ಸರಾಗವಾಗಿತ್ತು.

ಅಜ್ಜಿ ನನ್ನ ಪಕ್ಕ ಬಂದು ಕೂತರು.

"ಟೀಚರಮ್ಮ, ನಮ್ ಸೊಸೆಗೆ ಪಾಠ ಹೇಳ್ದೋಳು ನೀನು. ಆಯಮ್ಮ ಹೇಳಿದ್ದು ಕೇಳ್ದೆ. ನಿನ್ನ ಬಾಯಾಗೆ ಕೇಳ್ತೀನಿ. ಈ ರಗುತ ಕೊಡಬೌದಾ? ಎಲ್ಲಿಗೆ ಒಯ್ತಾರೆ?"

ನಾನು ಹೇಳಿದೆ, "ನಿಮ್ಮಿಷ್ಟ ಅಜ್ಜಿ. ಅದು ಎಲ್ಲಿಗೆ ಹೋಗ್ತೈತೋ ನಾನು ಕಣ್ಣಾರೆ ನೋಡಿಲ್ಲ."

ಅಷ್ಟೇ. ಅಜ್ಜಿ ನನ್ನ ಮುಖ ನೋಡಿದರು, ಎದ್ದು ಒಳಗೆ ಹೋದರು. ಗೆಳತಿ ಬಟ್ಟೆ ಕಟ್ಟಿ ಹೊರಬರುವಷ್ಟರಲ್ಲಿ ಮನೆಯವರೆಲ್ಲ ಒಂದೊಂದು ಕೆಲಸ ಹೇಳಿಕೊಂಡು ಎದ್ದಿದ್ದರು. ಸೊಸೆ ಬಂದು, "ಈಗ ಬ್ಯಾಡಂತೆ ಮಿಸ್. ಬಟ್ಟೆನೂ ಬಿಚ್ಕೊಂಡು ಹೋಗಿ ಅಂತಾರೆ" ಎಂದಳು. ಪಕ್ಕದ ನಾಲ್ಕು ಮನೆಗಳಿಗೂ ಆ ಮಾತು ನಮಗಿಂತ ಮೊದಲೇ ತಲುಪಿತ್ತು. ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಬಂದ ಹಾಗೇ ಹಿಂದಕ್ಕೆ ಹೋಯಿತು. ಅದರಲ್ಲಿ ಇದ್ದದ್ದು ನನ್ನ ರಕ್ತ ಮಾತ್ರ.

ಆ ಸಂಜೆ ನನಗೆ ಸಂತೋಷವಾಗಿತ್ತು. ಬೇರೆ ಮಾತು ಹುಡುಕಿದರೆ ಅದು ಸುಳ್ಳಾಗುತ್ತದೆ. ಚಹಾ ಮಾಡಿ ಅವಳಿಗೆ ಕೊಟ್ಟೆ. ಅವಳು ಲೋಟ ಹಿಡಿದು, "ನನ್ನ ಭಾಷೆನೇ ಸರಿ ಇಲ್ಲ ಅನ್ಸುತ್ತೆ. ಊರು ಬಿಟ್ಟು ಬಹಳ ದಿನ ಆತು. ಪುಸ್ತಕದ ಥರ ಮಾತಾಡ್ತೀನೇನೋ" ಎಂದಳು. ನಾನು, "ಇರಬೌದು" ಎಂದೆ.

ಅವಳು ಹೋಗಿ ಎರಡು ವಾರವಾದ ಮೇಲೆ ಒಂದು ಪತ್ರ ಕಳಿಸಿದಳು. ಒಪ್ಪಿಗೆ ಪತ್ರವನ್ನು ಮೊದಲಿನಿಂದ ಹೊಸದಾಗಿ ಬರೆದಿದ್ದಳು. ನಮ್ಮ ಕಡೆಯ ಮಾತಿನಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ, ಪಕ್ಕದಲ್ಲೇ, ಆ ಗಡಿಯ ಹಟ್ಟಿಗಳಲ್ಲಿ ಆಡುವ ತೆಲುಗಿನಲ್ಲೂ. "ಎಲ್ಲಿ ತಪ್ಪೈತೆ ನೋಡಿ ತಿದ್ದಿ ಕೊಡು" ಎಂದು ಕೆಳಗೆ ಬರೆದಿದ್ದಳು. ನಾನು ಕೆಂಪು ಪೆನ್ನು ಹಿಡಿದು ಕೂತೆ. ಎರಡು ಒತ್ತಕ್ಷರ ತಿದ್ದಿದೆ, ಒಂದು ಕಡೆ ಪೂರ್ಣವಿರಾಮ ಹಾಕಿದೆ, "ರಕ್ತಕಣ" ಅನ್ನುವುದನ್ನು ಇನ್ನೂ ಸುಲಭ ಮಾಡಬಹುದು ಎಂದು ಅಂಚಿನಲ್ಲಿ ಬರೆದೆ. ಫೋಟೋ ತೆಗೆದು ಕಳಿಸಿದೆ. ಅವಳು ಥ್ಯಾಂಕ್ಸ್ ಹೇಳಿದಳು. ನಾನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ. ಆ ಪತ್ರದಲ್ಲಿ ಏನೂ ತಪ್ಪಿರಲಿಲ್ಲ. ಮೊದಲಿನದರಲ್ಲೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೊಳಕಾಲ್ಮುರಿನ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ಆಟೋದಲ್ಲಿ ಹಟ್ಟಿಗೆ ಹೋದೆ. ಅಜ್ಜಿ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಅವರೆದುರು ಕೂತೆ.

"ಅಜ್ಜಿ, ಅವತ್ತು ನಾನು ಹೇಳಿದ್ದು ಸರಿಯಲ್ಲ. ರಕ್ತ ಎಲ್ಲಿಗೆ ಹೋಗ್ತೈತೆ ಅಂತ ನನಗೆ ಪೂರಾ ಗೊತ್ತಿತ್ತು. ಅದರಿಂದ ನಿಮಗೆ ಏನೂ ತೊಂದರೆ ಇಲ್ಲ. ನಾನೂ ಕೊಟ್ಟಿದ್ದೀನಿ."

"ಮತ್ತೆ ಹಂಗ್ಯಾಕಂದೆ?"

"ಅವಳ ಮೇಲೆ ಹೊಟ್ಟೆಕಿಚ್ಚು."

ಅಜ್ಜಿ ನಗುತ್ತಾರೆಂದು ನಾನು ಎಣಿಸಿದ್ದೆ. ನಗಲಿಲ್ಲ. ಉಣ್ಣೆ ಬಿಡಿಸುವ ಕೈ ನಿಲ್ಲಿಸಿ, "ನಾನು ನಿನ್ನ ನಂಬಿ ಐದು ಮನೆಗೆ ಬ್ಯಾಡ ಅಂತ ಹೇಳಿಕಳಿಸ್ದೆ. ಇವತ್ತು ಬಂದು ಹೂಂ ಅನ್ನು ಅಂತೀಯ. ಅವತ್ತಿನ ಮಾತು ಸುಳ್ಳಾದ್ರೆ ಇವತ್ತಿಂದು ನಿಜ ಅಂತ ಹೆಂಗ್ ತಿಳಕಳ್ಳಿ?" ಎಂದರು.

ಅಜ್ಜಿ ಮತ್ತೆ ಉಣ್ಣೆ ಕೈಗೆತ್ತಿಕೊಂಡರು.

"ಆಯಮ್ಮನ್ನ ಕರ್ಕೊಂಡು ಬಾ. ಈಗ ನನ್ನ ಮುಂದೆ ಹೇಳಿದ್ದು ಆಯಮ್ಮನ ಮುಂದೆ ಹೇಳು. ಆಮ್ಯಾಲೆ ನೋಡಾಣ."

ಬಸ್ಸಿನಲ್ಲಿ ವಾಪಸು ಬರುವಾಗ ಬೇರೆ ಏನಾದರೂ ದಾರಿ ಇದೆಯೇ ಎಂದು ಯೋಚಿಸಿದೆ. ಸೊಸೆಯ ಮೂಲಕ ಹೇಳಿಸಬಹುದಿತ್ತು, ಬೇರೆ ಹಟ್ಟಿ ತೋರಿಸಬಹುದಿತ್ತು. ಚಳ್ಳಕೆರೆ ಬರುವಷ್ಟರಲ್ಲಿ ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಇಳಿದ ತಕ್ಷಣ ಫೋನ್ ಮಾಡಿ, "ಹಟ್ಟಿಯವರು ಇನ್ನೊಂದು ಸಲ ಮಾತಾಡ್ತಾರಂತೆ, ಬಾ" ಎಂದಷ್ಟೇ ಹೇಳಿದೆ.

ಅವಳು ಮುಂದಿನ ವಾರವೇ ಬಂದಳು, ಹೊಸ ಪತ್ರ ಹಿಡಿದು. ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡುತ್ತಿದ್ದಳು. ಅಜ್ಜಿ ಚಾಪೆ ಹಾಕಿಸಿ, ನಮ್ಮಿಬ್ಬರನ್ನೂ ಕೂರಿಸಿ, ನನ್ನ ಕಡೆ ನೋಡಿದರು. ನಾನು ಹೇಳಿದೆ. ಅವತ್ತು ಕಲ್ಲಿನ ಮೇಲೆ ಕೂತು ಏನಂದೆ, ಯಾಕಂದೆ, ಆಮೇಲೆ ಚಹಾ ಕೊಡುವಾಗ ಏನನ್ನಿಸಿತ್ತು. ಗೆಳತಿ ಮಂಜುಗಡ್ಡೆಯ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ನಾನು ಮುಗಿಸಿದ ಮೇಲೆ ಅವಳು ನನ್ನ ಕಡೆ ತಿರುಗದೆ, ಅಜ್ಜಿಗೆ ತೆಲುಗಿನಲ್ಲಿ ಮೊದಲಿನಿಂದ ಎಲ್ಲ ವಿವರಿಸಿದಳು. ಅಜ್ಜಿ ನಡುನಡುವೆ ಪ್ರಶ್ನೆ ಕೇಳಿದರು. ಕೊನೆಗೆ, "ಸರೇ" ಎಂದು ಸೆರಗು ಸರಿಸಿ ತೋಳು ಕೊಟ್ಟರು. ಸೊಸೆ, ಮಗ, ಪಕ್ಕದ ಮನೆಯ ಇಬ್ಬರು ಸಾಲಾಗಿ ಕೂತರು. ಬಟ್ಟೆಗಳು ಮತ್ತೆ ಗಳುವೇರಿದವು.

ಜೀಪು ಚಳ್ಳಕೆರೆ ಹತ್ತಿರ ಬಂದಾಗ ಅವಳೇ ಶುರುಮಾಡಿದಳು.

"ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅನ್ನೋದು ಹಾಸ್ಟೆಲಿಂದ್ಲೂ ಗೊತ್ತು. ಅಜ್ಜಿ ಹತ್ರ ಆ ಮಾತು ಅಂದಿದ್ದಕ್ಕೂ ನನಗೆ ಅಷ್ಟು ಸಿಟ್ಟಿಲ್ಲ. ನಾನು ಎರಡು ವಾರ ಕೂತು ಪತ್ರ ಬರ್ದೆ. ಅದನ್ನ ನೀನು ತಿದ್ದಿ ಕೊಟ್ಟೆಯಲ್ಲ, ಪೂರ್ಣವಿರಾಮ ಎಲ್ಲ ಹಾಕಿ. ಅದು ನನಗೆ ಆಗ್ತಾ ಇಲ್ಲ."

ನಾನು ಕ್ಷಮಿಸು ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಅವತ್ತು ನಮ್ಮ ಮನೆಗೆ ಊಟಕ್ಕೂ ಬರಲಿಲ್ಲ. ಅವ್ವ ಯಾಕೆಂದು ಕೇಳಿದಾಗ ಅವಳಿಗೆ ಅವಸರವಿತ್ತು ಎಂದೆ.

ನಂತರದ ತಿಂಗಳುಗಳಲ್ಲಿ ನಮ್ಮ ನಡುವೆ ಬರೀ ಕೆಲಸದ ಸಂದೇಶಗಳು. ಧೂಳಿನ ಬಟ್ಟೆ ಬಂತಾ, ಫ್ರೀಜರಿನ ತಾಪ ಎಷ್ಟಿದೆ, ಅಷ್ಟೇ. ಸೊಸೆ ಬಟ್ಟೆ ಬಿಚ್ಚಿ ಪೊಟ್ಟಣ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದಳು, ನಾನು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಫ್ರೀಜರಿಗೆ ಹಾಕುತ್ತಿದ್ದೆ. ಹಾಗೆ ಅರ್ಧ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಮೊದಲು, "ಉಸಿರು ಹೆಂಗೈತೆ?" ಎಂದು ಕೇಳಿದಳು. ಆಮೇಲೆ ಕೆಲಸದ ವಿಷಯ. ಏನೂ ಸ್ಪಷ್ಟವಾಗಿಲ್ಲ ಎಂದಳು. ಒಂದು ತಿಂಗಳ ಧೂಳಿನ ಗುಳ್ಳೆಗಳಿಗೆ ಹಟ್ಟಿಯವರ ಬಿಳಿಕಣಗಳು ತಣ್ಣಗೆ ಇರುತ್ತವೆ, ಮುಂದಿನ ತಿಂಗಳ ಧೂಳಿಗೆ ಅವೇ ಕಣಗಳು ರೇಗುತ್ತವೆ. ನನ್ನವು ಎಲ್ಲಕ್ಕೂ ರೇಗುತ್ತವೆ. ಐದು ಮನೆಯಿಂದ ಏನೂ ಹೇಳಲಾಗದು, ಇನ್ನೂ ಬಹಳ ಬೇಕು.

"ಧೂಳು ಅಲ್ಲೇ ಸೋಸಿ ಕಳಿಸೋರು ಯಾರಾದ್ರೂ ಬೇಕು. ಬಂದ ರೀಡಿಂಗ್ ಎಲ್ಲ ಬರೀಬೇಕು, ಹೊಂದದೇ ಇದ್ರೂ. ಮಾಡ್ತೀಯಾ?"

ಮಾಡುತ್ತೇನೆ ಎಂದೆ. ಈಗ ಶನಿವಾರ ಮಧ್ಯಾಹ್ನಗಳಲ್ಲಿ ಮಾಸ್ಕ್ ಹಾಕಿಕೊಂಡು ಆ ಕೆಲಸ ಮಾಡುತ್ತೇನೆ. ಮುಂದೆ ಬರೆಯುವ ಲೇಖನದಲ್ಲಿ ನನ್ನ ಹೆಸರು ಇರುತ್ತದಾ ಎಂದು ಒಮ್ಮೆ ನಾಚಿಕೆ ಬಿಟ್ಟು ಕೇಳಿದೆ. "ಮಾಡಿದ ಕೆಲಸಕ್ಕೆ ಇರ್ತೈತೆ" ಎಂದಳು. ಅವಳ ಹೆಸರಿನ ನಂತರ ಎಷ್ಟನೆಯದು ಎಂಬ ಪ್ರಶ್ನೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹೋದ ತಿಂಗಳು ಇಬ್ಬರೂ ಮತ್ತೆ ಹಟ್ಟಿಗೆ ಹೋಗಿದ್ದೆವು. ಹೊರಡುವಾಗ ಅಜ್ಜಿ ಒಳಗಿನಿಂದ ಒಂದು ಹೊಸ ಕಂಬಳಿ ತಂದು ಗೆಳತಿಯ ಕೈಗೆ ಕೊಟ್ಟರು. ಅವರ ಕುರಿಗಳದೇ ಉಣ್ಣೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ನನ್ನ ಕಡೆ ನೋಡಿ, "ನಿನಗೆ ಆಗಂಗಿಲ್ಲ ತಾಯಿ. ಹೊದ್ಕೊಂಡ್ರೆ ಉಬ್ಬಸ ಬರ್ತೈತೆ" ಎಂದರು. ನಿಜವೇ. ನನ್ನ ಕೈಗೆ ಒಂದು ಚೀಲ ಹಸಿ ಕಡಲೆಕಾಯಿ ಕೊಟ್ಟರು. ಗೆಳತಿ ಕಂಬಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನನಗೆ ತೊಂದರೆಯಾಗದಿರಲಿ ಎಂದು ಜೀಪಿನ ತೀರಾ ಹಿಂದಕ್ಕೆ ಹಾಕಿದಳು. ದಾರಿಯಲ್ಲಿ ಅವಳು ಮುಂದಿನ ಹಟ್ಟಿಗಳ ಬಗ್ಗೆ ಮಾತಾಡುತ್ತಿದ್ದಳು, ನಾನು ಕಡಲೆಕಾಯಿ ಸುಲಿದು ಅವಳಿಗೂ ಕೊಡುತ್ತಾ ಹೂಂಗುಡುತ್ತಿದ್ದೆ. ಆದರೆ ನಡುನಡುವೆ ಹಿಂದಕ್ಕೆ ತಿರುಗಿ ನೋಡಿದೆ. ಕಪ್ಪು ಕಂಬಳಿ, ಅಂಚಿಗೆ ಎರಡು ಬಿಳಿ ಎಳೆ. ಬಹಳ ಚೆನ್ನಾಗಿತ್ತು.